ಸೋಪಿನ ಬಿಲ್ಲೂ ಸೌಧದ ಕಲ್ಲೂ
(ಹಾಲ್ಕುರಿಕೆಯಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ತೆರಿಗೆ ಅಂದ್ರೆ ಸಾಹುಕಾರರ ತಲೆನೋವು ಅಂತ ನಾವು ತಿಳಿದುಬಿಟ್ಟಿದ್ದೇವೆ. ನಮಗೆ ಜಮೀನಿಲ್ಲ, ಕಂದಾಯವಿಲ್ಲ. ಸಂಬಳವಿಲ್ಲ, ಇನ್‌ಕಂ ಟ್ಯಾಕ್ಸೂ ಇಲ್ಲ. ಹಾಗಾಗಿ ನಾವು ಸರ್ಕಾರದ ಅನ್ನ ಬಿಟ್ಟಿ ತಿನ್ನೋರು. ಈ ಮಾತು ಹಾಸ್ಟೆಲ್ ಹುಡುಗರ ಬೆನ್ನಿಗೆ ಎಷ್ಟು ಸಲ ಬಿದ್ದಿಲ್ಲ?

ಲೆಕ್ಕ ನೋಡೋಣ. ಇದೇ ಊರಿನ ಅಂಗಡಿಯಲ್ಲಿ ನಮ್ಮವ್ವ ಒಂದು ಸೋಪು ಕೊಂಡರೆ ಬೆಲೆಯೊಳಗೇ ತೆರಿಗೆ ಕೂತಿರುತ್ತದೆ. 1957ರ ಕಾಯ್ದೆಯಲ್ಲಿ ಅದರ ಹೆಸರು ಮಾರಾಟ ತೆರಿಗೆ, 2005ರಲ್ಲಿ ವ್ಯಾಟ್, 2017ರ ಜುಲೈಯಿಂದ ಜಿ.ಎಸ್.ಟಿ. ಹೆಸರು ಮೂರು, ಕೊಡೋ ಕೈ ಒಂದೇ. ಸೋಪಿನ ಮೇಲೆ ನೂರಕ್ಕೆ 18 ಇದ್ದದ್ದು 2025ರ ಸೆಪ್ಟೆಂಬರಿನಲ್ಲಿ 5ಕ್ಕೆ ಇಳಿಯಿತು. ಅರ್ಧ ದೆಹಲಿಯ ಲೆಕ್ಕಕ್ಕೆ, ಅರ್ಧ ಬೆಂಗಳೂರಿನ ಲೆಕ್ಕಕ್ಕೆ. ಸಾವಿರ ತೆಂಗಿನ ಮರದ ಧಣಿಗೂ, ಅವನ ಅಟ್ಟದ ಕಾಯಿ ಸುಲಿಯೋ ನಮ್ಮಪ್ಪನಿಗೂ ಒಂದೇ ದರ. ಧಣಿಗೆ ಅದು ಚಿಲ್ಲರೆ, ನಮ್ಮಪ್ಪನಿಗೆ ಕೂಲಿಯ ತುಂಡು.

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯದೂ ಇದೇ ಕತೆ. 1966ರ ಎ.ಪಿ.ಎಂ.ಸಿ. ಕಾಯ್ದೆಯ ಪ್ರಕಾರ ಕೊಳ್ಳುವವನಿಂದ ಶುಲ್ಕ ವಸೂಲಿ, ಆ ಹಣದಲ್ಲಿ ಪ್ರಾಂಗಣ, ಕಟ್ಟಡ. ರಸೀದಿಯಲ್ಲಿ ಅವನ ಹೆಸರಿದೆ. ಕಾಯಿ ಸುಲಿದವನ, ಚಿಪ್ಪು ಒಡೆದವಳ ಹೆಸರು ಯಾವ ರಸೀದಿಯಲ್ಲಿದೆ?

ಇಂಥ ತೆರಿಗೆಗಳಿಂದ ತುಂಬಿದ ಖಜಾನೆಯಿಂದಲೇ ತಾಲ್ಲೂಕಿಗೊಂದು ಮಿನಿ ವಿಧಾನಸೌಧ ಎದ್ದಿತು. ಬೆಂಗಳೂರಿನ ದೊಡ್ಡದರ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಬರೆದಿದೆ. ದೇವರ ಕೆಲಸ ಅಂದ ಮೇಲೆ ನಮ್ಮನ್ನು ಹೊಸ್ತಿಲಾಚೆ ನಿಲ್ಲಿಸೋದು ಅವರಿಗೆ ಅಭ್ಯಾಸವೇ ತಾನೆ! ಜಾತಿ ಸರ್ಟಿಫಿಕೇಟಿಗೆ ಹೋದ ನಮ್ಮಲ್ಲೊಬ್ಬನನ್ನು ಒಂದು ಕಛೇರಿಯಲ್ಲಿ ಮೂರು ದಿನ ಮೆಟ್ಟಿಲ ಮೇಲೇ ಕೂರಿಸಿದರು. ಅವನೂ ಕೂತ. ಆ ಕಲ್ಲಿಗೆ ತನ್ನವ್ವನ ಸೋಪಿನ ದುಡ್ಡೂ ಬಿದ್ದಿದೆ ಅಂತ ಅವನಿಗೆ ಗೊತ್ತಿರಲಿಲ್ಲ.

ಬಾಬಾಸಾಹೇಬರಿಗೆ ಗೊತ್ತಿತ್ತು. ಸಾರ್ವಜನಿಕ ಹಣದಲ್ಲಿ ಕಟ್ಟಿ ನಡೆಸುವ ಕೆರೆ, ಬಾವಿ, ಧರ್ಮಶಾಲೆ ಅಸ್ಪೃಶ್ಯರಿಗೂ ತೆರೆದಿರಬೇಕು, ಶಾಲೆ, ಕೋರ್ಟು, ಕಛೇರಿ ಕೂಡ. 1923ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಎಸ್.ಕೆ. ಬೋಲೆ ಈ ಠರಾವು ತಂದರು. ಠರಾವು ಕಾಗದದಲ್ಲೇ ಉಳಿದಾಗ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಕೆರೆಗೆ ಇಳಿದರು. ಆಮೇಲೆ ಸಂವಿಧಾನದ 15ನೇ ವಿಧಿಯಲ್ಲೇ ಆ ಮಾತು ಬಂತು. ಪೂರ್ತಿಯಾಗಲೀ ಭಾಗಶಃವಾಗಲೀ ಸರ್ಕಾರದ ಹಣದಲ್ಲಿ ನಡೆಯುವ ಬಾವಿ, ಕೆರೆ, ಸಾರ್ವಜನಿಕ ಸ್ಥಳಗಳಿಗೆ ಜಾತಿಯ ಅಡ್ಡಿ ಇರಕೂಡದು. ‘ಭಾಗಶಃ’ ಅನ್ನೋ ಪದ ಗುರುತು ಹಾಕಿಕೊಳ್ಳಿ. ನಮ್ಮವ್ವನ ಪಾಲು ಅದರಲ್ಲಿದೆ.

ಇನ್ನೊಂದು ಕಳ್ಳಲೆಕ್ಕವೂ ಇತ್ತು. 2013ರ ಉಪಯೋಜನೆ ಕಾಯ್ದೆಯ 7(ಡಿ) ಕಲಂ. ಊರಿಗೆಲ್ಲ ಆಗೋ ಕಾಮಗಾರಿ ಮಾಡಿ, ಒಂದು ಭಾಗ ದಲಿತರಿಗೇ ಖರ್ಚಾಯ್ತು ಅಂತ ಬರೆದುಕೊಳ್ಳೋ ಅವಕಾಶ. ಕೂಗಿ ಕೂಗಿ 2023ರಲ್ಲಿ ಅದು ಹೋಯಿತು. ಕಲಂ ಹೋಯಿತು, ಬರೆಯೋ ಕೈ ಅಲ್ಲೇ ಇದೆ.

ಅದಕ್ಕೇ ಈ ವಾರ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣ. ತಾಲ್ಲೂಕಿನ ನಮ್ಮ ಹಾಸ್ಟೆಲುಗಳಲ್ಲಿ ಸ್ವಂತ ಕಟ್ಟಡ ಎಷ್ಟು, ಬಾಡಿಗೆ ಎಷ್ಟು, ಬಂದ ಹಣವೆಷ್ಟು? ಶುಲ್ಕ 10 ರೂಪಾಯಿ. ಅಕ್ಷರ ದುಂಡಗಿರೋರು ಸಭೆ ಮುಗಿದ ಮೇಲೆ ಇಲ್ಲೇ ಉಳಿಯಿರಿ.