ಮತ್ಸರವಿಲ್ಲದ ಪ್ರೀತಿ

(ಕ್ರಿಸ್ತಜಯಂತಿಯ ಸಂದರ್ಭದಲ್ಲಿ ಶಾಲಾ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ನಮ್ಮ ಹಿರಿಯರು ಮನುಷ್ಯನ ಒಳಶತ್ರುಗಳು ಆರೆಂದು ಎಣಿಸಿ, ಕೊನೆಯಲ್ಲಿ ಮದ ಮಾತ್ಸರ್ಯಗಳನ್ನು ಇರಿಸಿದ್ದಾರೆ. ಇವೆರಡೂ ಒಡಹುಟ್ಟಿದವು. ನಮ್ಮಲ್ಲಿರುವುದಕ್ಕಾಗಿ ಮದ, ಪರರಲ್ಲಿರುವುದಕ್ಕಾಗಿ ಮಾತ್ಸರ್ಯ. ಕ್ರೈಸ್ತಧರ್ಮವು ಇವುಗಳಿಗೆ ಸೂಚಿಸಿದ ಔಷಧವಾವುದೆಂಬುದನ್ನು ಇಂದು ನಾಲ್ಕು ಮಾತುಗಳಲ್ಲಿ ವಿಚಾರಿಸೋಣ.

ಗ್ರೀಸ್ ದೇಶದ ಕೊರಿಂಥವು ಎರಡು ಬಂದರುಗಳನ್ನು ಹೊಂದಿದ್ದ ವ್ಯಾಪಾರದ ಪಟ್ಟಣ. ರೋಮನರು ಕ್ರಿ. ಪೂ. 146ರಲ್ಲಿ ಅದನ್ನು ಹಾಳುಗೆಡವಿದರು. ಕ್ರಿ. ಪೂ. 44ರಲ್ಲಿ ಜೂಲಿಯಸ್ ಸೀಸರನು ಅದನ್ನು ಮತ್ತೆ ನೆಲೆಗೊಳಿಸಿದನು. ಹೊಸದಾಗಿ ಬಂದು ನೆಲಸಿದವರಲ್ಲಿ ದಾಸ್ಯದಿಂದ ಬಿಡುಗಡೆ ಹೊಂದಿದವರು ಅನೇಕರು. ಹೊಸ ಐಶ್ವರ್ಯ ಬಂದೆಡೆ ಹೆಚ್ಚುಗಾರಿಕೆಯ ಹಂಬಲವೂ ಬರುವುದು ಸಹಜ. ಸಂತ ಪೌಲನು ಅಲ್ಲಿ ಒಂದೂವರೆ ವರ್ಷವಿದ್ದು, ಗುಡಾರ ಮಾಡುವ ಕಸಬಿನಿಂದ ಜೀವಿಸುತ್ತ ಉಪದೇಶ ಮಾಡಿದನು. ಆತನು ಹೊರಟುಹೋದ ಮೇಲೆ ಆ ಚಿಕ್ಕ ಸಭೆಯಲ್ಲಿ ಪಕ್ಷಗಳು ಹುಟ್ಟಿದವು. ಕೆಲವರು ತಾವು ಪೌಲನವರೆಂದರು, ಕೆಲವರು ಅಪೊಲ್ಲೋಸನವರೆಂದರು. ಸಹಭೋಜನದಲ್ಲಿಯೂ ಉಳ್ಳವರು ಮೊದಲೇ ಉಂಡು ತೃಪ್ತರಾಗುತ್ತಿದ್ದರು, ಇಲ್ಲದವರು ಹಸಿದೇ ಇರುತ್ತಿದ್ದರು.

ಸುಮಾರು ಕ್ರಿ. ಶ. 55ರಲ್ಲಿ ಪೌಲನು ಎಫೆಸದಿಂದ ಅವರಿಗೊಂದು ಪತ್ರ ಬರೆದನು. ಅದರ 13ನೆಯ ಅಧ್ಯಾಯವೇ ಪ್ರೀತಿಯ ವಿಚಾರ. ವಾಕ್ಚಾತುರ್ಯ, ಜ್ಞಾನ, ದಾನ ಇವೆಲ್ಲ ಇದ್ದೂ ಪ್ರೀತಿಯಿಲ್ಲದಿದ್ದರೆ ಸರ್ವವೂ ವ್ಯರ್ಥವೆಂದು ಹೇಳಿ, ಮತ್ಸರ, ಆತ್ಮಶ್ಲಾಘನೆ, ಗರ್ವ ಈ ಮೂರೂ ಪ್ರೀತಿಗೆ ಹೊರಗಾದವೆಂದು ಆತನು ತಿಳಿಸುತ್ತಾನೆ. ಗರ್ವಕ್ಕೆ ಆತನು ಬಳಸಿದ ಗ್ರೀಕ್ ಮಾತಿಗೆ ಗಾಳಿ ತುಂಬಿ ಉಬ್ಬುವುದೆಂದು ಅರ್ಥ. ಕಮ್ಮಾರನ ತಿದಿಯನ್ನು ಕಂಡವರಿಗೆ ಇದರ ಸ್ವಾರಸ್ಯ ತಿಳಿದೀತು: ನೋಡಲು ದೊಡ್ಡದು, ಒಳಗೆ ಬರಿಯ ಗಾಳಿ. ಹಿಂದಿನ ಅಧ್ಯಾಯದಲ್ಲಿ ಸಭೆಯನ್ನು ಶರೀರಕ್ಕೆ ಹೋಲಿಸಿದ್ದಾನೆ. ಒಂದು ಅಂಗಕ್ಕೆ ಸಂದ ಮಾನವು ಇಡೀ ದೇಹದ ಮಾನವಲ್ಲವೆ? ಮತ್ಸರಕ್ಕೆ ಇದೇ ಮದ್ದು: ಪರನು ಪರನಲ್ಲವೆಂದು ತಿಳಿಯುವುದು.

ಅನ್ಯರಿಗೆ ಬೋಧಿಸುವ ಮುನ್ನ ನಮ್ಮ ತಪ್ಪನ್ನೇ ಹೇಳಬೇಕು. ಕೆಲವು ವರ್ಷಗಳ ಹಿಂದೆ ಚಿತ್ರಸ್ಪರ್ಧೆಯೊಂದಕ್ಕೆ ನಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಮೊದಲನೆಯ ಬಹುಮಾನ ನೆರೆಯ ಮಲೆಯಾಳ ಮಾಧ್ಯಮದ ಶಾಲೆಯ ಬಾಲಿಕೆಗೆ ದೊರೆಯಿತು. ಆ ಶಾಲೆಯಲ್ಲಿ ಮಕ್ಕಳ ಸಂಖ್ಯೆ ವರ್ಷವರ್ಷವೂ ಏರುತ್ತಿತ್ತು, ನಮ್ಮಲ್ಲಿ ಇಳಿಯುತ್ತಿತ್ತು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನಮ್ಮ ಕೈಗಳು ಮಾತ್ರ ಮೇಲೇಳಲಿಲ್ಲ. ಎರಡನೆಯ ಸ್ಥಾನ ಪಡೆದ ನಮ್ಮ ಹುಡುಗನು ಪಕ್ಕದಲ್ಲಿಯೇ ಕುಳಿತಿದ್ದನು. “ಮಾಷ್ಟ್ರೇ, ಅವಳು ಬರೆದ ಮಳೆಯನ್ನು ನೋಡಿದಿರಾ? ನನಗೆ ಹಾಗೆ ಬರುವುದಿಲ್ಲ. ಕೇಳಿ ಬರುತ್ತೇನೆ” ಎಂದು ಎದ್ದು ಓಡಿದನು. ಆ ದಿನ ನಾವು ಶಿಷ್ಯನಿಂದ ಪಾಠ ಕಲಿತೆವು.

ಮತ್ಸರವನ್ನು ಬಿಡುವುದೆಂದರೆ ಪ್ರಯತ್ನವನ್ನು ಬಿಡುವುದಲ್ಲ. ಆ ಹುಡುಗನು ಕುಂಚವನ್ನು ಕೆಳಗಿಡಲಿಲ್ಲ, ಕಲಿಯಲು ಹೋದನು. ಮತ್ಸರವಿದ್ದಿದ್ದರೆ ಆ ಮಳೆಯ ಚೆಲುವು ಅವನ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಈ ಗಡಿನಾಡಿನಲ್ಲಿ ಕನ್ನಡದ ಉಳಿವಿಗಾಗಿ ನಾವು ದುಡಿಯಲೇಬೇಕು. ಆದರೆ ಕನ್ನಡದ ಮೇಲಣ ಪ್ರೀತಿಯು ನೆರೆನುಡಿಯ ಮೇಲಣ ಅಸೂಯೆಯಾಗಿ ತಿರುಗಿದರೆ ಅದು ಪ್ರೀತಿಯೆನಿಸದು.

ತಾಯ್ತಂದೆಗಳೇ, ಅಂಕಪಟ್ಟಿ ಮನೆಗೆ ಬಂದಾಗ ನೆರೆಮನೆಯ ಹುಡುಗನಿಗೆ ಎಷ್ಟೆಂದು ಮೊದಲು ಕೇಳಬೇಡಿರಿ. ಮಕ್ಕಳೇ, ನಿಮಗಿಂತ ಮುಂದಿರುವವರನ್ನು ಮನಸಾರೆ ಮೆಚ್ಚಿರಿ, ಹಿಂದಿರುವವರಿಗೆ ಕೈಕೊಡಿರಿ. ಚಪ್ಪಾಳೆ ತಟ್ಟುವುದನ್ನು ನಿಮ್ಮೊಡನೆ ನಾವೂ ಕಲಿಯುತ್ತಿದ್ದೇವೆ.

ಎಲ್ಲರಿಗೂ ಶುಭವಾಗಲಿ.