ಎಲೆ ಹಾಕಿದ್ರಾ?

ನಮ್ಮ ದೊಡ್ಡಪ್ಪ ಮೊದಲ ಸಲ ವಿಮಾನ ಹತ್ತಿದ್ದು ಎಪ್ಪತ್ತು ದಾಟಿದ ಮೇಲೆ. ದೆಹಲಿಯಲ್ಲಿ ಮೊಮ್ಮಗಳ ಮದುವೆ. ಜೊತೆಗೆ ಹೊರಟವನು ನಾನು. ಬೆಂಗಳೂರಿನ ನಿಲ್ದಾಣದಲ್ಲಿ ಕಾಯುತ್ತ ಕುಳಿತಿದ್ದೆವು. 'ಬೋರ್ಡಿಂಗ್ ಶುರುವಾಗಿದೆ' ಎಂದು ಮೈಕಿನಲ್ಲಿ ಕೂಗಿದರು. ದೊಡ್ಡಪ್ಪ ಪಂಚೆ ಸರಿಮಾಡಿಕೊಂಡು ಎದ್ದವರೇ ಕೇಳಿದರು: "ಎಲೆ ಹಾಕಿದ್ರಾ?"

ಅವರದೇನೂ ತಪ್ಪಿಲ್ಲ. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು ಮೂವತ್ತು ವರ್ಷ ದುಡಿದದ್ದು ಒಂದು 'ಬೋರ್ಡಿಂಗ್ ಅಂಡ್ ಲಾಡ್ಜಿಂಗ್'ನಲ್ಲಿ. ಲೋಟ ತೊಳೆಯುವಲ್ಲಿಂದ ಗಲ್ಲಾಪೆಟ್ಟಿಗೆಯವರೆಗೆ ಏರಿದವರು. ಬೋರ್ಡಿಂಗ್ ಅಂದರೆ ಊಟ, ಲಾಡ್ಜಿಂಗ್ ಅಂದರೆ ಮಲಗುವ ಕೋಣೆ. ಇದರಲ್ಲಿ ಅನುಮಾನ ಎಲ್ಲಿಂದ ಬರಬೇಕು? ನಾನು ನಕ್ಕೆ. ಆದರೆ ಊಟಕ್ಕೂ ವಿಮಾನ ಹತ್ತುವುದಕ್ಕೂ ಒಂದೇ ಮಾತು ಹೇಗೆ ಬಂತು ಎಂದು ಅವರು ತಿರುಗಿ ಕೇಳಿದ್ದರೆ ಆವತ್ತು ನನ್ನ ಬಾಯಿ ಕಟ್ಟುತ್ತಿತ್ತು.

ಆಮೇಲೆ ನಿಘಂಟು ತೆಗೆದೆ. 'ಬೋರ್ಡ್' ಅಂದರೆ ಮೂಲದಲ್ಲಿ ಬರಿಯ ಹಲಗೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲೂ ಈ ಮಾತಿದೆ. ಆ ಕಾಲದ ದೊಡ್ಡ ಮನೆಗಳಲ್ಲಿ ಊಟದ ಮೇಜು ಸದಾ ಹರಡಿಕೊಂಡು ನಿಂತಿರುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಮರದ ಕಾಲುಗಳ ಮೇಲೆ ಉದ್ದನೆಯ ಹಲಗೆ ಇಡುವುದು, ಉಂಡಾದ ಮೇಲೆ ಎತ್ತಿ ಗೋಡೆಗೆ ಒರಗಿಸುವುದು. ರಾತ್ರಿ ಆಳುಕಾಳು ಮಲಗುವುದೂ ಅದೇ ಜಾಗದಲ್ಲಿ. ಹೀಗೆ ಹಲಗೆ ಎಂಬ ಮಾತು ಮೇಜಾಯಿತು, ಮೇಜಿನ ಮೇಲಿನ ಊಟವೂ ಆಯಿತು. ದುಡ್ಡು ಕೊಟ್ಟು ಇನ್ನೊಬ್ಬರ ಹಲಗೆಯಲ್ಲಿ ಉಣ್ಣುವವನು ಬೋರ್ಡರ್. ಬಟ್ಟಲು ಜೋಡಿಸಿಡುವ ಹಲಗೆ ಕಪ್‌ಬೋರ್ಡ್. ಅದಕ್ಕೆ ಬಾಗಿಲು ಬಂದದ್ದು ಆಮೇಲೆ.

ನಗಬೇಡಿ, ನಾವೂ ಇದನ್ನೇ ಮಾಡಿದ್ದೇವೆ. ಮದುವೆಮನೆಯ ಅಡುಗೆಭಟ್ಟರು "ಎಷ್ಟು ಎಲೆ ಆಗಬಹುದು?" ಎಂದು ಕೇಳಿದರೆ ಅವರು ಬಾಳೆತೋಟದ ಲೆಕ್ಕ ಕೇಳುತ್ತಿಲ್ಲ. ಉಣ್ಣುವವರ ತಲೆ ಎಣಿಸುತ್ತಿದ್ದಾರೆ. ಇಂಗ್ಲಿಷರಿಗೆ ಹಲಗೆ ಊಟವಾಯಿತು, ನಮಗೆ ಎಲೆ.

ಉಂಡ ಮೇಲೆ ಅದೇ ಹಲಗೆಯ ಸುತ್ತ ಕುಳಿತು ಪಂಚಾಯಿತಿ ನಡೆಸಿದವರೂ ಬೋರ್ಡ್ ಎನಿಸಿಕೊಂಡರು. ಇವತ್ತಿನ ಕಂಪನಿಗಳ ಡೈರೆಕ್ಟರುಗಳ ಬೋರ್ಡಿನ ಮೂಲ ಇದೇ. ಇಸ್ಪೀಟಾಡುವಾಗ ಕೈ ಹಲಗೆಯ ಮೇಲೆ ಕಾಣುವಂತಿದ್ದರೆ ಆಟ ನೇರ. ಅದಕ್ಕೇ ಪ್ರಾಮಾಣಿಕ ವ್ಯವಹಾರವನ್ನು ಅವರು 'ಅಬವ್ ಬೋರ್ಡ್' ಎನ್ನುತ್ತಾರೆ. ಮೇಜಿನ ಕೆಳಗಿನ ವ್ಯವಹಾರದ ವಿಷಯ ನಿಮಗೆ ನಾನು ಹೇಳಬೇಕಾದ್ದಿಲ್ಲ.

ಈ ಬೋರ್ಡುಗಳು ನಮ್ಮಲ್ಲಿಗೂ ಬಂದವು. ದೊಡ್ಡಪ್ಪ ಓದಿದ್ದು ಬೋರ್ಡ್ ಹೈಸ್ಕೂಲಿನಲ್ಲಿ. ಅದು ಮದರಾಸು ಆಡಳಿತದ ಕಾಲದ ಡಿಸ್ಟ್ರಿಕ್ಟ್ ಬೋರ್ಡಿನ ಶಾಲೆ. ಬೋರ್ಡು ಹೋಯಿತು, ಶಾಲೆಯ ಹೆಸರು ಜನರ ಬಾಯಲ್ಲಿ ಉಳಿಯಿತು. ವಿದ್ಯುಚ್ಛಕ್ತಿ ಮಂಡಳಿ 1999ರಲ್ಲೇ ನಿಗಮವಾಯಿತು. ಆದರೂ ದೀಪ ಆರಿದಾಗ ನಾವು ಬೈಯುವುದು ಕೆಇಬಿಯವರನ್ನೇ. ಅದರ ಕೊನೆಯ ಅಕ್ಷರ ಇದೇ ಬೋರ್ಡು. ಇಂಗ್ಲಿಷರಿಗೆ ಹೊಳೆಯದ ಅರ್ಥವನ್ನೂ ನಾವು ಸೇರಿಸಿದ್ದೇವೆ. ಬಾಡಿಗೆ ಕಾರು 'ಯೆಲ್ಲೋ ಬೋರ್ಡ್', ಸ್ವಂತದ್ದು 'ವೈಟ್ ಬೋರ್ಡ್'. ನಂಬರಿನ ತಗಡು ನಮ್ಮಲ್ಲಿ ಬೋರ್ಡಾಗಿದೆ.

ಸರಿ, ವಿಮಾನ? ಹಳೆಯ ಇಂಗ್ಲಿಷಿನಲ್ಲಿ ಇನ್ನೊಂದು 'ಬೋರ್ಡ್' ಇತ್ತು. ಅಂಚು, ಹಡಗಿನ ಪಕ್ಕ ಎಂದು ಅದರ ಅರ್ಥ. ಇದರ ಬಳಗ ಫ್ರೆಂಚಿಗೆ ಹೋಗಿ ಮರಳಿ ಬಂದಾಗ 'ಬಾರ್ಡರ್' ಆಗಿತ್ತು. ನಮ್ಮ ಇಳಕಲ್ ಸೀರೆಯ ಬಾರ್ಡರೂ ಇದೇ ಬಳಗದ್ದು. ಎರಡು ಬೋರ್ಡುಗಳ ಉಚ್ಚಾರ ಒಂದೇ, ಹಡಗಿನ ಪಕ್ಕವೂ ಹಲಗೆಯದೇ. ಕೂಡಿಕೊಳ್ಳಲು ಇನ್ನೇನು ಬೇಕು? ಹಡಗಿನ ಅಂಚು ದಾಟಿ ಒಳಗೆ ಹೋದವನು ಬೋರ್ಡ್ ಆದ.

ಆಗ ಚುಕ್ಕಾಣಿಯ ಹುಟ್ಟು ಹಡಗಿನ ಬಲಕ್ಕಿರುತ್ತಿತ್ತು. ಚುಕ್ಕಾಣಿಯ ಪಕ್ಕವೇ 'ಸ್ಟಾರ್‌ಬೋರ್ಡ್'. ನಕ್ಷತ್ರಕ್ಕೂ ಅದಕ್ಕೂ ನಂಟಿಲ್ಲ. ಆ ಹುಟ್ಟಿಗೆ ಪೆಟ್ಟಾಗದಂತೆ ಹಡಗನ್ನು ದಡಕ್ಕೆ ಎಡಮಗ್ಗುಲಾಗಿ ತರುತ್ತಿದ್ದರು. ಎಡಕ್ಕೆ 'ಲಾರ್ಬೋರ್ಡ್' ಎಂಬ ಹೆಸರಿತ್ತು. ಗಾಳಿ ಮಳೆಯ ಗದ್ದಲದಲ್ಲಿ ಒಂದನ್ನು ಕೂಗಿದರೆ ಇನ್ನೊಂದು ಕೇಳಿಸುವ ಫಜೀತಿ. ಕೊನೆಗೆ 1844ರಲ್ಲಿ ಬ್ರಿಟಿಷ್ ನೌಕಾಪಡೆ ಎಡಕ್ಕೆ 'ಪೋರ್ಟ್' ಎಂದೇ ಹೇಳಬೇಕೆಂದು ಆಜ್ಞೆ ಹೊರಡಿಸಿತು. ವಿಮಾನಗಳು ಬಂದಾಗ ಹಡಗಿನ ಈ ಮಾತುಗಳನ್ನೇ ಎತ್ತಿಕೊಂಡವು. ಇಂದಿಗೂ ನಾವು ಸಾಮಾನ್ಯವಾಗಿ ವಿಮಾನ ಹತ್ತುವುದು ಎಡಗಡೆಯ ಬಾಗಿಲಿನಿಂದ.

ನನಗೆ ಬಹಳ ಹಿಡಿಸಿದ್ದು ಮಾತ್ರ ಬೇರೆಯೇ. ಹಳೆಯ ಇಂಗ್ಲಿಷ್ ಕಾವ್ಯಗಳಲ್ಲಿ 'ಬೋರ್ಡ್' ಅಂದರೆ ಗುರಾಣಿ. ನಮ್ಮ ಹಳೆಯ ಕಾವ್ಯಗಳ ಕಾಳಗದಲ್ಲಿ ವೀರರು ಹಿಡಿದ 'ಹಲಗೆ'ಯೂ ಗುರಾಣಿಯೇ. ಪರಸ್ಪರ ಹೆಸರೂ ಕೇಳದ ಎರಡು ನಾಡು, ಒಂದೇ ಮರದ ತುಂಡು ಎದೆಗೆ ಅಡ್ಡ. ಅಲ್ಲಿಂದ ಮುಂದೆ ದಾರಿ ಬೇರೆಯಾಯಿತು. ಅವರ ಬೋರ್ಡು ಕುರ್ಚಿ ಹಾಕಿಕೊಂಡು ಸಭೆ ಕೂತಿತು. ನಮ್ಮ ಹಲಗೆ ಚರ್ಮ ಹೊದ್ದು ವಾದ್ಯವಾಯಿತು. ಹೋಳಿಹುಣ್ಣಿಮೆಗೆ ಬಾಗಲಕೋಟೆಯ ಬೀದಿಯಲ್ಲಿ ನಿಂತರೆ ಅದರ ಸದ್ದು ಎದೆಯೊಳಗೇ ಕೇಳುತ್ತದೆ.

ಅಂದು ವಿಮಾನ ಮೇಲೇರಿದ ಮೇಲೆ ದೊಡ್ಡಪ್ಪ ಪಕ್ಕದವರನ್ನು ನೋಡಿ, ಎದುರಿನ ಸೀಟಿನ ಬೆನ್ನಿಗಿದ್ದ ಪುಟ್ಟ ಹಲಗೆಯನ್ನು ಬಿಡಿಸಿ ಇಳಿಸಿದರು. ಚೀಲದಿಂದ ಬುತ್ತಿ ತೆಗೆದರು. ಬಾಡಿಸಿದ ಬಾಳೆಯಲ್ಲಿ ದೊಡ್ಡಮ್ಮ ಕಟ್ಟಿಕೊಟ್ಟ ಪುಳಿಯೋಗರೆ. ಎಲೆ ಬಿಚ್ಚಿ ಹಲಗೆಯ ಮೇಲೆ ಹರಡಿ, "ನೋಡು, ಎಲೆ ಹಾಕಿ ಆಯ್ತು" ಎಂದರು. ಉಂಡು ಎಲೆ ಮಡಿಸಿ, ಆ ಹಲಗೆಯನ್ನು ಮೊದಲಿದ್ದ ಜಾಗಕ್ಕೇ ಎತ್ತಿ ಒರಗಿಸಿದರು.