ಸಂಥೆ, ಕಥೆ, ಮಕ್ಕಳ ಪ್ರಶ್ನೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಮಕ್ಕಳಿಗೆ ಗೀತೆ, ಉಪನಿಷತ್ತು ಹೇಳಿಕೊಡುವ ಬಗ್ಗೆ ಮಾತಾಡಬೇಕೆಂದು ಹೇಳಿದ್ದಾರೆ. ನಾನು ಪಂಡಿತನಲ್ಲ. ಬಿ.ಇ. ಮಾಡಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಬೆಂಗಳೂರಿನಲ್ಲಿ ನಾವಿರುವ ಅಪಾರ್ಟ್‌ಮೆಂಟಿನ ಹತ್ತು ಹನ್ನೆರಡು ಮಕ್ಕಳನ್ನು ಭಾನುವಾರ ಬೆಳಿಗ್ಗೆ ಕೂರಿಸಿಕೊಂಡು ಶ್ಲೋಕ ಹೇಳಿಕೊಡುತ್ತೇನೆ. ನನ್ನ ಅಧಿಕಾರ ಅಷ್ಟೇ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಅದು ಸರಿಯಾಗಿಯೇ ಇದೆ. ಇಲ್ಲಿ ಎಲ್ಲ ಮನೆಗಳ ಮಕ್ಕಳೂ ಓದುತ್ತಾರೆ. ಕನ್ನಡ ಮೇಷ್ಟ್ರು ಕುಮಾರವ್ಯಾಸನನ್ನು ಕಾವ್ಯವಾಗಿ ಪಾಠ ಮಾಡಲಿ, ಭಾಮಿನಿ ಷಟ್ಪದಿಯನ್ನು ರಾಗವಾಗಿಯೇ ಓದಲಿ, ಅದು ನಮ್ಮೆಲ್ಲರ ಭಾಷೆಯ ಆಸ್ತಿ. ಗೀತೆಯ ಪಾಠ ಮಾತ್ರ ಶಾಲೆಯ ಗೇಟಿನ ಹೊರಗಿನದು, ಇಷ್ಟವಿದ್ದವರದು.

ಎಲ್ಲಿಂದ ಶುರು ಮಾಡಬೇಕು? ಗೀತೆಯಲ್ಲಿ 18 ಅಧ್ಯಾಯ, 700 ಶ್ಲೋಕ. ಮೊದಲಿನಿಂದ ಹಿಡಿದರೆ ಶಂಖ ಊದುವಷ್ಟರಲ್ಲೇ ಮಕ್ಕಳು ಎದ್ದು ಹೋಗುತ್ತಾರೆ. ನಾನು 12ನೇ ಅಧ್ಯಾಯದಿಂದ ಆರಂಭಿಸುತ್ತೇನೆ. ಇಪ್ಪತ್ತೇ ಶ್ಲೋಕ, ಎಲ್ಲವೂ ಅನುಷ್ಟುಪ್, ಪಾದಕ್ಕೆ ಎಂಟು ಅಕ್ಷರ. ಮಕ್ಕಳು ಬೆರಳು ಮಡಿಸಿ ಎಣಿಸುತ್ತಾರೆ. ವಾರಕ್ಕೊಂದು ಶ್ಲೋಕವೆಂದರೆ ಐದು ತಿಂಗಳು. ಹೇಳಿಕೊಡುವುದು ಹಳೆಯ ಸಂಥೆಯ ಕ್ರಮದಲ್ಲೇ: ನಾನು ಒಂದು ಸಲ, ಅವರು ಎರಡು ಸಲ. ಪುಸ್ತಕ ಆಮೇಲೆ. ಮಹಾಪ್ರಾಣ ಬಾಯಲ್ಲಿ ಕೂತ ಮಕ್ಕಳಿಗೆ ಉಕ್ತಲೇಖನದಲ್ಲೂ ತಪ್ಪು ಕಡಿಮೆಯಾಗುತ್ತದೆ, ಇದು ಮೇಷ್ಟ್ರುಗಳಿಗೆ ಖುಷಿ ಕೊಡುವ ಸುದ್ದಿ.

ಬಾಯಿಪಾಠವನ್ನು ಗಿಳಿಪಾಠವೆಂದು ನಗುವವರಿದ್ದಾರೆ. ವೇದ ಹೇಳುವವರು ಅದನ್ನು ಎಂಥ ಕಟ್ಟುನಿಟ್ಟಿನ ವಿದ್ಯೆ ಮಾಡಿದರು ನೋಡಿ. ಪದಗಳಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಡಿ. ಕ್ರಮಪಾಠದಲ್ಲಿ ಒಂದು-ಎರಡು, ಎರಡು-ಮೂರು, ಹೀಗೆ. ಜಟಾಪಾಠದಲ್ಲಿ ಒಂದು-ಎರಡು, ಎರಡು-ಒಂದು, ಮತ್ತೆ ಒಂದು-ಎರಡು. ಘನಪಾಠ ಇನ್ನೂ ಉದ್ದ. ಒಂದು ಪದ ಜಾರಿದರೂ ಹಿಂದೆ ಮುಂದೆ ಹೇಳುವಾಗ ಸಿಕ್ಕಿಬೀಳುತ್ತದೆ. ಮಾಹಿತಿ ಕಳಿಸುವಾಗ ತಪ್ಪು ಹಿಡಿಯಲೆಂದು ನಾವೂ ಹೆಚ್ಚಿನ ಅಂಕಿ ಸೇರಿಸುತ್ತೇವೆ. ಹಾಗೆಂದು ವೇದದಲ್ಲೇ ಕಂಪ್ಯೂಟರ್ ಇತ್ತೆಂದು ನಾನು ಹೇಳಿದೆನೆಂದು ನಾಳೆ ಯಾರೂ ವಾಟ್ಸಾಪಿನಲ್ಲಿ ಹಾಕಬೇಡಿ! ವೇದಪಠಣದ ಪರಂಪರೆಯನ್ನು 2003ರಲ್ಲಿ ಯುನೆಸ್ಕೊ ಗುರುತಿಸಿದ್ದು ಮನುಷ್ಯನ ನೆನಪಿನ ಈ ಸಾಧನೆಗಾಗಿ.

ಆದರೆ ಬಾಯಿಪಾಠಕ್ಕೇ ನಿಂತರೆ ಅದು ಬಹುಮಾನದ ಲೋಟ ತರುವ ಸ್ಪರ್ಧೆಯಾಗುತ್ತದೆ. ಎಷ್ಟು ವೇಗವಾಗಿ ಹೇಳಿದೆ ಎಂಬುದಕ್ಕೆ ಅಂಕ ಕೊಡುವುದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಗೀತೆ ಹುಟ್ಟಿದ್ದೇ ಅರ್ಜುನ ಕೇಳಿದ್ದರಿಂದ. ಎಲ್ಲ ಹೇಳಿ ಮುಗಿಸಿದ ಮೇಲೆ ತೀರ್ಮಾನವನ್ನು ಕೃಷ್ಣ ಅವನಿಗೇ ಬಿಡುತ್ತಾನೆ. ಕಠೋಪನಿಷತ್ತಿನ ನಚಿಕೇತ ಚಿಕ್ಕ ಹುಡುಗ. ಹಾಲು ಬತ್ತಿದ ಹಸುಗಳನ್ನು ದಾನ ಕೊಡುತ್ತಿದ್ದ ಅಪ್ಪನ ಮುಂದೆಯೇ ಪ್ರಶ್ನೆ ಇಟ್ಟವನು. ನಮ್ಮ ಮನೆಗಳಲ್ಲಿ ಹಾಗೆ ಕೇಳಿದರೆ "ದೊಡ್ಡವರಿಗೆ ಎದುರು ಮಾತಾಡ್ತೀಯಾ?" ಅಂತ ಗದರುತ್ತೇವೆ. ಹಾಗಾಗಿ ಅರ್ಧ ಗಂಟೆ ಶ್ಲೋಕ, ಐದು ನಿಮಿಷ ಕಣ್ಣು ಮುಚ್ಚಿ ಸುಮ್ಮನೆ ಉಸಿರು ಗಮನಿಸುವುದು (ಉಸಿರು ಬಿಗಿಹಿಡಿಯುವ ಅಭ್ಯಾಸ ಮಕ್ಕಳಿಗೆ ಬೇಡ), ಮಿಕ್ಕಿದ್ದೆಲ್ಲ ಕಥೆ ಮತ್ತು ಅವರ ಪ್ರಶ್ನೆ.

ನನಗೆ ಅತಿ ಇಷ್ಟದ ಕಥೆ ಛಾಂದೋಗ್ಯದ ಸತ್ಯಕಾಮನದು. ಗುರುಕುಲಕ್ಕೆ ಹೊರಟ ಹುಡುಗ ಅಮ್ಮನನ್ನು ಗೋತ್ರ ಕೇಳುತ್ತಾನೆ. ನಾಲ್ಕು ಕಡೆ ದುಡಿಯುತ್ತಾ ನಿನ್ನನ್ನು ಪಡೆದೆ, ಗೋತ್ರ ನನಗೆ ತಿಳಿಯದು, ನನ್ನ ಹೆಸರು ಜಬಾಲಾ, ನೀನು ಸತ್ಯಕಾಮ ಜಾಬಾಲ ಎನ್ನುತ್ತಾಳೆ ತಾಯಿ. ಹುಡುಗ ಗೌತಮರ ಮುಂದೆ ಅದನ್ನೇ ಹೇಳುತ್ತಾನೆ. ಸತ್ಯ ಬಿಡಲಿಲ್ಲವೆಂಬ ಕಾರಣಕ್ಕೆ ಗುರು ಅವನನ್ನು ಸೇರಿಸಿಕೊಂಡು, ಬಡಕಲು 400 ಹಸುಗಳನ್ನು ಒಪ್ಪಿಸುತ್ತಾರೆ. ಸಾವಿರವಾಗದೆ ಮರಳಿ ಬರುವುದಿಲ್ಲವೆಂದು ಹುಡುಗ ಹೊರಡುತ್ತಾನೆ. ಗುರುವಿನ ಮಾತಿನ ಅರ್ಥದ ಬಗ್ಗೆ ಪಂಡಿತರಲ್ಲಿ ವಾದವಿದೆ, ಇರಲಿ. ನಮ್ಮ ಮಕ್ಕಳಲ್ಲಿ ಒಬ್ಬ ಕೇಳಿದ್ದು, "ಅಂಕಲ್, ಸಾವಿರ ಆಗೋಕೆ ಎಷ್ಟು ವರ್ಷ ಬೇಕು?" ಇನ್ನೊಬ್ಬಳು, "ಗೋತ್ರ ಯಾಕೆ ಕೇಳಬೇಕಿತ್ತು?" ಮೊದಲನೆಯದಕ್ಕೆ ಲೆಕ್ಕ ಹಾಕಿದೆವು. ಎರಡನೆಯದರ ಮೇಲೆ ಮೂರು ಭಾನುವಾರ ಮಾತಾಡಿದೆವು.

ಬೇಸಿಗೆ ರಜದಲ್ಲಿ ನಮ್ಮೂರಿನಲ್ಲೂ ಇಂಥ ತರಗತಿ ನಡೆಸಿಕೊಡು ಎಂದು ಕೆಲವು ಹಿರಿಯರು ಕೇಳಿದ್ದಾರೆ. ಹದಿನೈದು ದಿನ ರಜೆ ಹಾಕಿ ಬರಲು ಸಿದ್ಧನಿದ್ದೇನೆ. ನನ್ನದು ಒಂದೇ ಕರಾರು. ಗುಡಿಯ ಜಗಲಿ ಬೇಡ. ಆ ಮೆಟ್ಟಿಲು ಹತ್ತಲು ಹಿಂಜರಿಯುವ ಮಕ್ಕಳು ಇನ್ನೂ ಇದ್ದಾರೆ, ಯಾಕೆಂದು ಇಲ್ಲಿರುವ ಎಲ್ಲರಿಗೂ ಗೊತ್ತು. ಅರಳಿಕಟ್ಟೆಯ ಕೆಳಗೆ ಜಮಖಾನ ಹಾಸೋಣ. ಈ ಶಾಲೆಯ ಬಿಸಿಯೂಟದ ಸಾಲಿನಲ್ಲಿ ಒಟ್ಟಿಗೆ ಕೂತು ಉಣ್ಣುವ ಮಕ್ಕಳು, ಹುಡುಗಿಯರೂ ಸೇರಿ, ಅಲ್ಲೂ ಹಾಗೆಯೇ ಕೂರಲಿ. ಬರುವುದು, ಬಿಡುವುದು ಅವರವರ ಇಷ್ಟ. ಆದರೆ ಕರೆಯುವುದು ಮಾತ್ರ ಮೈಕಿನಲ್ಲಿ ಕೂಗಿ ಮುಗಿಸುವಂತಿಲ್ಲ, ಪ್ರತಿ ಬೀದಿಗೂ ಹಿರಿಯರೇ ನಡೆದು ಹೋಗಿ ಮನೆಮನೆಗೆ ಹೇಳಬೇಕು.

ಇದಕ್ಕೆ ಊರು ಒಪ್ಪಿದರೆ ಏಪ್ರಿಲ್ ಕೊನೆಯ ವಾರ ಶುರು ಮಾಡಬಹುದು. ಯಾವ ಬೀದಿಗೆ ಯಾರು ಹೋಗುತ್ತೀರಿ ಎಂಬುದನ್ನು ಊಟವಾದ ಮೇಲೆ ಇಲ್ಲೇ ಕೂತು ಬರೆದುಕೊಳ್ಳೋಣ.